ಕೈಯಾರೆ ಕಟ್ಟುವ ಸ್ಪೀಕರ್: ಮಳೆನಾಡಿನವರಿಗೆ ಆಯ್ಕೆಯ ಮಾರ್ಗದರ್ಶಿ

ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ಈವರೆಗೆ ಮೂರು ಜೊತೆ ಸ್ಪೀಕರ್ ಕಟ್ಟಿದ್ದೇನೆ. ಮೊದಲ ಜೊತೆಗೆ ಪಾರ್ಟಿಕಲ್ ಬೋರ್ಡ್ ಬಳಸಿದ್ದೆ. ಆರಿದ್ರಾ ಮಳೆ ಹಿಡಿದು ಆಶ್ಲೇಷ ಬಿಡುವಷ್ಟರಲ್ಲಿ ತಳದ ಅಂಚು ನೆನೆದ ರಸ್ಕಿನಂತೆ ಉಬ್ಬಿ, ಸ್ಕ್ರೂಗಳು ಬೆರಳಿಗೇ ಕಳಚಿ ಬಂದವು. ಎರಡನೆಯ ಜೊತೆಗೆ ಪರಿಚಿತರ ತೋಟದ ಸಿಲ್ವರ್ ಓಕ್ ಹಲಗೆ ಸಿಕ್ಕಿತ್ತು. ಅದರ ಎಳೆ ನೋಡಲು ಬಹಳ ಚೆಂದ. ಆದರೆ ಮಳೆಗಾಲದಲ್ಲಿ ಕೂಡಿಸಿದ ಆ ಪೆಟ್ಟಿಗೆ ಮಾರ್ಚ್ ತಿಂಗಳ ಒಣಹವೆಗೆ ಮೂಲೆಯಲ್ಲಿ ಬಾಯಿ ಬಿಟ್ಟಿತು. ಮೂರನೆಯ ಜೊತೆ ಇಂದಿಗೂ ಹಾಡುತ್ತಿದೆ. ಈಗ ಹಾಸನದಲ್ಲಿರುವ ಅಕ್ಕನ ಮಗ ತನ್ನ ಮೊದಲ ಜೊತೆ ಕಟ್ಟಲು ಹೊರಟಿದ್ದಾನೆ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆಯ್ಕೆಗಳನ್ನು ಎದುರಿಗಿಟ್ಟುಕೊಂಡಾಗ ಮೊದಲು ಕೇಳಬೇಕಾದ ಪ್ರಶ್ನೆ, ಯಾವುದನ್ನು ಆಮೇಲೆ ತಿದ್ದಬಹುದು ಎಂಬುದು. ಕ್ರಾಸ್‌ಓವರನ್ನು, ಅಂದರೆ ತಗ್ಗು ಸ್ವರವನ್ನು ವೂಫರ್ ಎಂಬ ದೊಡ್ಡ ಸ್ಪೀಕರಿಗೂ ತಾರಸ್ವರವನ್ನು ಟ್ವೀಟರ್ ಎಂಬ ಸಣ್ಣದಕ್ಕೂ ಹಂಚುವ ಬಿಡಿಭಾಗಗಳ ಜೋಡಣೆಯನ್ನು, ಎಷ್ಟು ಸಲ ಬೇಕಾದರೂ ಬಿಚ್ಚಿ ಕಟ್ಟಬಹುದು. ಹಲಗೆಯ ಜಾತಿ, ಪೆಟ್ಟಿಗೆಯ ಅಳತೆ, ಸ್ಪೀಕರ್ ಕೂರುವ ತೂತು, ಮೇಲಿನ ಪಾಲಿಷ್ ಇವು ಒಮ್ಮೆ ಆದರೆ ಆದವು. ಹೊಸಬರು ಇದನ್ನು ತಿರುಗುಮುರುಗು ಮಾಡುವುದನ್ನು ಬಹಳ ಕಂಡಿದ್ದೇನೆ: ಅದರ ಕೆಪಾಸಿಟರ್ (ಅಂಗಡಿಯವರ ಮಾತಿನಲ್ಲಿ ಕಂಡೆನ್ಸರ್) ಯಾವ ಕಂಪನಿಯದಾಗಿರಬೇಕೆಂದು ತಿಂಗಳುಗಟ್ಟಲೆ ಯೋಚಿಸುತ್ತಾರೆ, ಹಲಗೆಯನ್ನು ಮಾತ್ರ ಅಂಗಡಿಯಲ್ಲಿ ಇದ್ದದ್ದನ್ನೇ ತಂದುಬಿಡುತ್ತಾರೆ.

ಹಲಗೆ: ಎಂಡಿಎಫ್, ಪ್ಲೈವುಡ್, ಮರ

ಹೊರದೇಶದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಎಂಡಿಎಫ್ (ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ) ಎನ್ನುತ್ತವೆ. ಅದಕ್ಕೆ ಕಾರಣವಿದೆ. ಘನ ಮೀಟರಿಗೆ 700ರಿಂದ 800 ಕಿಲೋ ತೂಗುವ, ಗಂಟಿಲ್ಲದ, ಒಳಗೆಲ್ಲ ಒಂದೇ ಸಮನಾಗಿರುವ ಹಲಗೆ ಅದು. ಕೊಯ್ದರೆ ಚೂಪಾದ ಅಂಚು ಸಿಗುತ್ತದೆ, ಬಣ್ಣ ನುಣ್ಣಗೆ ಕೂರುತ್ತದೆ. ಹಾಸನ ಪಟ್ಟಣದ ತಾರಸಿ ಮನೆಯ ಒಣ ಕೋಣೆಯಲ್ಲಿ ಇಡುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಮೂಡಿಗೆರೆ, ಸಕಲೇಶಪುರ, ಕೊಟ್ಟಿಗೆಹಾರದ ಕಡೆಯವರಿಗೆ ಖಂಡಿತ ಹೇಳುವುದಿಲ್ಲ. ಎಂಡಿಎಫ್‌ನ ಮುಖ ಗಟ್ಟಿ, ಅಂಚು ದುರ್ಬಲ. ಕೊಯ್ದ ಅಂಚು ತೇವವನ್ನು ಹೀರುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಬಳಸಲೇಬೇಕೆಂದಾದರೆ ನೀರು ಬೆರೆಸಿದ ಫೆವಿಕಾಲನ್ನು ಎಲ್ಲ ಅಂಚುಗಳಿಗೂ ಎರಡು ಸಲ ಬಳಿದು, ಒಣಗಿಸಿ, ಉಜ್ಜಿ, ಆಮೇಲೆ ಪ್ರೈಮರ್ ಹಾಕಬೇಕು. ಕೊಯ್ಯುವಾಗ ಮುಖಗವಸು ಕಡ್ಡಾಯ. ಆ ದೂಳು ಮರದ ಪುಡಿಗಿಂತ ಬಹಳ ನವಿರು, ಅದರಲ್ಲಿ ರಾಳದ ಅಂಶವೂ ಇರುತ್ತದೆ.

ಘಟ್ಟದಂಚಿನ ಮನೆಗಳಿಗೆ ನನ್ನ ಆಯ್ಕೆ 18 ಮಿಲಿಮೀಟರ್ ದಪ್ಪದ, ಐಎಸ್ 710 ಗುರುತಿರುವ ಮರೀನ್ ಪ್ಲೈವುಡ್. ಪದರಗಳು ಒಂದಕ್ಕೊಂದು ಅಡ್ಡಡ್ಡ ಕೂಡಿರುವುದರಿಂದ ಹವೆ ಬದಲಾದರೂ ಹೆಚ್ಚು ಅಲುಗಾಡುವುದಿಲ್ಲ, ಸ್ಕ್ರೂ ಬಿಗಿಯಾಗಿ ಹಿಡಿಯುತ್ತದೆ. ಇದರ ದೋಷ ಒಳಗಿನ ಟೊಳ್ಳು. ನಡುವಿನ ಪದರದಲ್ಲಿ ತುಂಡು ಸರಿಯಾಗಿ ಕೂಡದೆ ಬಿಟ್ಟ ಜಾಗ ವೂಫರ್ ಬಡಿದಾಗ ಗರಗರ ಎನ್ನುತ್ತದೆ, ಅದನ್ನು ಹೊರಗಿನಿಂದ ಸರಿಪಡಿಸಲಾಗದು. ಅಂಗಡಿಯಲ್ಲೇ ಶೀಟನ್ನು ನಿಲ್ಲಿಸಿ ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿಯಿರಿ. ಸದ್ದು ಬದಲಾದ ಕಡೆ ಟೊಳ್ಳಿದೆ ಎಂದೇ ತಿಳಿಯಿರಿ. ಇತ್ತೀಚೆಗೆ ಪೀಠೋಪಕರಣದವರು ಬಳಸುವ ಎಚ್‌ಡಿಎಚ್‌ಎಂಆರ್ ಹಲಗೆ ಇವೆರಡರ ನಡುವಿನದು: ಎಂಡಿಎಫ್‌ನಂತೆ ಸಮನಾದದ್ದು, ತೇವಕ್ಕೆ ಅದಕ್ಕಿಂತ ಹೆಚ್ಚು ತಡೆಯುತ್ತದೆ, ತೂಕವೂ ಹೆಚ್ಚು. ಬಣ್ಣ ಹೊಡೆಯುವ ಯೋಚನೆಯಿದ್ದರೆ ಇದನ್ನು ಮರೀನ್ ಪ್ಲೈಗಿಂತಲೂ ಮೇಲೆ ಇಡುತ್ತೇನೆ.

ಗಟ್ಟಿ ಮರದ ಆಸೆ ಇಲ್ಲಿನವರಿಗೆ ಸಹಜ. ತೋಟದ ತುಂಬ ಸಿಲ್ವರ್ ಓಕ್ ನಿಂತಿದೆ, ಮೈಮೇಲೆ ಮೆಣಸಿನ ಬಳ್ಳಿ ಹೊತ್ತುಕೊಂಡು. ಹಿತ್ತಿಲಲ್ಲಿ ಹಲಸು ಇದೆ. ವೀಣೆಯನ್ನೇ ಹಲಸಿನಲ್ಲಿ ಮಾಡುವಾಗ ಸ್ಪೀಕರ್ ಏಕೆ ಬೇಡ ಎಂದು ಅಕ್ಕನ ಮಗನೂ ಕೇಳಿದ. ವೀಣೆಯ ಕೊಡ ತಾನೇ ನಾದ ಕೊಡಬೇಕು. ಸ್ಪೀಕರಿನ ಪೆಟ್ಟಿಗೆ ಮಾತ್ರ ಸುಮ್ಮನಿರಬೇಕು, ಅದು ತನ್ನ ದನಿ ಸೇರಿಸಿದರೆ ಹಾಡುಗಾರನ ದನಿ ಕೆಡುತ್ತದೆ. ಅದೂ ಅಲ್ಲದೆ ಮರ ಎಳೆಯ ಉದ್ದಕ್ಕೆ ಅಷ್ಟಾಗಿ ಬದಲಾಗದಿದ್ದರೂ ಅಡ್ಡಕ್ಕೆ ಹಿಗ್ಗಿ ಕುಗ್ಗುತ್ತದೆ. ಎಳೆಯ ದಿಕ್ಕು ಬೇರೆಬೇರೆಯಾದ ಎರಡು ಹಲಗೆಗಳನ್ನು ಅಂಟಿಸಿ ಬಿಗಿದರೆ ಒಂದು ಇನ್ನೊಂದನ್ನು ಸೀಳುತ್ತದೆ. ನನ್ನ ಎರಡನೆಯ ಜೊತೆಗೆ ಆದದ್ದು ಇದೇ. ಮರವನ್ನು ಕಾಲಿಗೆ, ಮುಂಭಾಗದ ಪಟ್ಟಿಗೆ ಬಳಸಿ. ಪೆಟ್ಟಿಗೆಗೆ ಬೇಡ.

ಮುಚ್ಚಿದ ಪೆಟ್ಟಿಗೆಯೋ, ಕೊಳವೆಯ ಪೆಟ್ಟಿಗೆಯೋ

ಪೆಟ್ಟಿಗೆಯನ್ನು ಪೂರ್ತಿ ಮುಚ್ಚಬೇಕೋ, ಒಳಗಿನ ಗಾಳಿ ಓಡಾಡಲು ತೂತು ಕೊರೆದು ಕೊಳವೆ ಕೂರಿಸಬೇಕೋ ಎಂಬುದನ್ನು ನಿಮ್ಮ ವೂಫರ್ ಬಹುಮಟ್ಟಿಗೆ ತಾನೇ ತೀರ್ಮಾನಿಸುತ್ತದೆ. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಪೆಟ್ಟಿಗೆಯ ಲೆಕ್ಕದ ಬಗ್ಗೆ ಬರೆದದ್ದನ್ನು ರಿಚರ್ಡ್ ಸ್ಮಾಲ್ ಮುಂದುವರಿಸಿದ ಕಾರಣ, ಒಳ್ಳೆಯ ವೂಫರಿನ ಜೊತೆ ಬರುವ ಕಾಗದದಲ್ಲಿ ಈಗ ಅದರ ಅನುರಣನ ಆವರ್ತನ (ಕೋನು ತಾನಾಗಿ ಹೆಚ್ಚು ಅದುರುವ ಸ್ವರ), ಕ್ಯೂ ಅಂಕಿಗಳು (ಆ ಅದುರು ಎಷ್ಟು ಬೇಗ ಅಡಗುತ್ತದೆ ಎಂಬ ಅಳತೆ) ಎಲ್ಲ ಇರುತ್ತವೆ. ಕಾಗದದಲ್ಲಿ ಎಫ್‌ಎಸ್ ಎಂದಿರುವ ಆ ಅನುರಣನ ಆವರ್ತನವನ್ನು ಕ್ಯೂಇಎಸ್ ಎಂಬ ಕ್ಯೂ ಅಂಕಿಯಿಂದ ಭಾಗಿಸಿ. ಉತ್ತರ 50ರ ಆಸುಪಾಸಿನಲ್ಲಿದ್ದರೆ ಮುಚ್ಚಿದ ಪೆಟ್ಟಿಗೆ ಹೊಂದುತ್ತದೆ, 100ರ ಹತ್ತಿರವಿದ್ದರೆ ಕೊಳವೆಯದು. ನಡುವೆ ಬಂದರೆ ಎರಡೂ ಆದೀತು. ಈ ಅಂಕಿಗಳೇ ಇಲ್ಲದ ವೂಫರನ್ನು ಎಷ್ಟೇ ಅಗ್ಗವಾದರೂ ತರಬೇಡಿ.

ನಡುವೆ ಬಂದಾಗ ಮನೆಯನ್ನು ನೋಡಬೇಕು. ಮುಚ್ಚಿದ ಪೆಟ್ಟಿಗೆಯ ತಗ್ಗು ಸ್ವರ ಅಷ್ಟಮಕ್ಕೆ (ಅಂದರೆ ಆವರ್ತನ ಅರ್ಧಕ್ಕಿಳಿದ ಪ್ರತಿ ಸಲ) 12 ಡೆಸಿಬಲ್‌ನಂತೆ ಮೆಲ್ಲಗೆ ಇಳಿಯುತ್ತದೆ; ಕೊಳವೆಯದು ಇನ್ನಷ್ಟು ಕೆಳಗಿನವರೆಗೆ ತುಂಬಿಕೊಂಡಿದ್ದು ಆಮೇಲೆ 24 ಡೆಸಿಬಲ್‌ನಂತೆ ಧುಮುಕುತ್ತದೆ. ಗಾರೆ ನೆಲ, ಕಾಂಕ್ರೀಟ್ ಚಾವಣಿ, ಹತ್ತಡಿ ಕೋಣೆ ಇದ್ದರೆ ಕೋಣೆಯೇ ತಗ್ಗು ಸ್ವರಕ್ಕೆ ಬಲ ಕೊಡುತ್ತದೆ. ಅಲ್ಲಿ ಕೊಳವೆ ಹಾಕಿದರೆ ಮೃದಂಗದ ಎಡಬದಿ ಬುಗ್ಗೆಂದು ಹರಡಿ ಹೊಡೆತಗಳ ಅಂತರವೇ ತಿಳಿಯದಂತಾಗುತ್ತದೆ. ಮಂಗಳೂರು ಹೆಂಚಿನ, ಮೇಲೆ ಅಟ್ಟವಿಲ್ಲದ ಹಳೆಯ ಮನೆಯಲ್ಲಿ ತಗ್ಗು ಸ್ವರ ಹೆಂಚಿನ ಸಂದಿಯಿಂದ ಹೊರಟುಹೋಗುತ್ತದೆ. ಅಲ್ಲಿ ಕೊಳವೆಯ ಸಹಾಯ ಬೇಕು.

ಆರೂವರೆ ಇಂಚಿನ ವೂಫರಿಗೆ ನಾನು ಮಾಡಿದ ಪೆಟ್ಟಿಗೆಯ ಒಳ ಅಳತೆ 20, 25, 36 ಸೆಂಟಿಮೀಟರ್, ಅಂದರೆ 18 ಲೀಟರ್. ಅದನ್ನು 45 ಹರ್ಟ್ಸ್‌ಗೆ ಶ್ರುತಿ ಮಾಡಲು 6 ಸೆಂಟಿಮೀಟರ್ ಒಳವ್ಯಾಸದ ಪಿವಿಸಿ ಪೈಪು ಸುಮಾರು 19 ಸೆಂಟಿಮೀಟರ್ ಉದ್ದಕ್ಕೆ ಬೇಕಾಯಿತು. ಪೈಪನ್ನು ಮೊದಲು ಉದ್ದವಾಗಿಯೇ ಕೊಯ್ದು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತ ಹೋಗಿ. ಇಷ್ಟವಾಗದಿದ್ದರೆ ಕೊಳವೆಗೆ ದಪ್ಪ ಸ್ಪಂಜು ತುರುಕಿ ಮುಚ್ಚಿದ ಪೆಟ್ಟಿಗೆಯಂತೆಯೇ ಕೇಳಿ ನೋಡಬಹುದು, ಆದ್ದರಿಂದ ಅನುಮಾನವಿದ್ದವರು ತೂತು ಕೊರೆಯುವುದೇ ಒಳ್ಳೆಯದು. ಕೊಳವೆಯ ಒಳಬಾಯಿಗೆ ಅಗಲ ಕಣ್ಣಿನ ಜಾಲರಿ ಹಚ್ಚುವುದನ್ನು ಮರೆಯಬೇಡಿ. ತೋಟದ ಮನೆಯಲ್ಲಿ ಇಲಿಗೆ ಇದಕ್ಕಿಂತ ಬೆಚ್ಚಗಿನ ಗೂಡು ಸಿಗದು, ಒಳಗೆ ಸದ್ದು ಹೀರಲೆಂದು ತುಂಬಿದ ದಿಂಬಿನ ಹತ್ತಿ ಬೇರೆ ಇರುತ್ತದೆ. ಒಂದು ಜೊತೆಗೆ ಎಂಟು ಅಡಿ, ನಾಲ್ಕು ಅಡಿಯ ಶೀಟಿನಲ್ಲಿ ಅರ್ಧಕ್ಕಿಂತ ಕಡಿಮೆ ಸಾಕು.

ವೂಫರ್, ಟ್ವೀಟರ್

ಇಲ್ಲಿ ಎರಡೇ ಮಾತು. ವೂಫರಿನ ಅಂಚಿನ ಸುತ್ತು ರಬ್ಬರಿನದೋ ಬಟ್ಟೆಯದೋ ಆಗಿರಲಿ. ಫೋಮ್ ಸುತ್ತು ನಮ್ಮ ತೇವದ ಹವೆಗೆ ಕೆಲವೇ ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ. ಸಂವೇದನೆಯ ಅಂಕಿ (ಇಂತಿಷ್ಟು ವಿದ್ಯುತ್ತಿಗೆ ಎಷ್ಟು ಸದ್ದು ಎಂಬುದು) 84ರ ಬದಲು 90 ಡೆಸಿಬಲ್ ಇರುವುದನ್ನು ಆರಿಸಿದರೆ ಅದೇ ಸದ್ದಿಗೆ ಕಾಲು ಭಾಗ ವಿದ್ಯುತ್ ಸಾಕು. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿರುವಾಗ ಹಾಡು ಕೇಳಬೇಕಾದವರಿಗೆ ಇದು ಸಣ್ಣ ವಿಷಯವಲ್ಲ. ಟ್ವೀಟರಿನಲ್ಲಿ ಅಗ್ಗದ ಪೀಜೋ ಮತ್ತು ರೇಷ್ಮೆ ಗುಮ್ಮಟದ್ದು ಎರಡೂ ಸಿಗುತ್ತವೆ. ಪೀಜೋ ವಿದ್ಯುತ್ ದೃಷ್ಟಿಯಿಂದ ತಾನೇ ಒಂದು ಕೆಪಾಸಿಟರಿನಂತೆ ನಡೆದುಕೊಳ್ಳುವುದರಿಂದ ಕೆಳಗಿನ ಲೆಕ್ಕ ಯಾವುದೂ ಅದಕ್ಕೆ ಹೊಂದುವುದಿಲ್ಲ. ಮಾತು, ಹಾಡು ಮುಖ್ಯವಾದವರು ಗುಮ್ಮಟದ್ದನ್ನೇ ತರಬೇಕು. ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಬೇಕಾಗಿ ಬಂದರೆ ಇವೆರಡಕ್ಕಾಗಿ ಹೋಗಿ. ಉಳಿದದ್ದು ಬಹುಪಾಲು ಊರಲ್ಲೇ ಇದೆ.

ಕ್ರಾಸ್‌ಓವರ್

ಇಲ್ಲಿ ನಿಧಾನವಾಗಿ ಹೋಗೋಣ, ಏಕೆಂದರೆ ಕೈಕೆಲಸದ ನಿಜವಾದ ಫಲ ಕೇಳುವುದು ಇಲ್ಲಿ. ತಗ್ಗು ಸ್ವರವನ್ನು ವೂಫರಿಗೂ ತಾರಸ್ವರವನ್ನು ಟ್ವೀಟರಿಗೂ ಹಂಚುವುದು ಕ್ರಾಸ್‌ಓವರಿನ ಕೆಲಸ. ಹಂಚುವ ಗಡಿಯನ್ನು ಎಲ್ಲಿ ಇಡಬೇಕು? ಟ್ವೀಟರಿನ ಅನುರಣನದ ಎರಡು ಪಟ್ಟಿಗಿಂತ ಮೇಲೆ ಇರಬೇಕು. ಆರೂವರೆ ಇಂಚಿನ ವೂಫರ್ ಸುಮಾರು 2,600 ಹರ್ಟ್ಸ್ ದಾಟಿದ ಮೇಲೆ ಸದ್ದನ್ನು ಸುತ್ತ ಹರಡದೆ ಟಾರ್ಚಿನ ಬೆಳಕಿನಂತೆ ನೇರ ಎಸೆಯುವುದರಿಂದ ಅದಕ್ಕಿಂತ ಕೆಳಗೂ ಇರಬೇಕು. ಹೀಗಾಗಿ 2,500 ಹರ್ಟ್ಸ್ ನನ್ನ ಆಯ್ಕೆ. ಇದಕ್ಕೆ ಇನ್ನೊಂದು ಕಾರಣವೂ ಇದೆ, ಮುಂದೆ ಹೇಳುತ್ತೇನೆ.

ಮೊದಲ ದರ್ಜೆಯ ಕ್ರಾಸ್‌ಓವರಿನಲ್ಲಿ ಒಂದು ಕಾಯಿಲ್, ಒಂದು ಕೆಪಾಸಿಟರ್, ಅಷ್ಟೆ. ಇಳಿಜಾರು ಅಷ್ಟಮಕ್ಕೆ 6 ಡೆಸಿಬಲ್. ಸರಳ, ಅಗ್ಗ, ದನಿಯೂ ಹಗುರ. ಆದರೆ ಟ್ವೀಟರಿಗೆ ಬೇಡದ ತಗ್ಗು ಸ್ವರ ಬಹಳಷ್ಟು ನುಸುಳುತ್ತದೆ. ಸಣ್ಣ ಕೋಣೆಯಲ್ಲಿ ಮೆಲ್ಲಗೆ ಕೇಳುವವರಿಗೆ ಸಾಕು. ಮನೆಯಲ್ಲಿ ಮಕ್ಕಳು ಸದ್ದು ಏರಿಸುವವರಾಗಿದ್ದರೆ ಟ್ವೀಟರ್ ಸುಟ್ಟುಹೋಗುತ್ತದೆ. ಎರಡನೆಯ ದರ್ಜೆಯದು ವೂಫರಿನ ಬದಿಗೂ ಟ್ವೀಟರಿನ ಬದಿಗೂ ತಲಾ ಒಂದು ಕಾಯಿಲ್, ಒಂದು ಕೆಪಾಸಿಟರ್ ಕೇಳುತ್ತದೆ, ಇಳಿಜಾರು 12 ಡೆಸಿಬಲ್. ಸಿಗ್‌ಫ್ರೀಡ್ ಲಿಂಕ್‌ವಿಟ್ಜ್ 1976ರಲ್ಲಿ ಪ್ರಕಟಿಸಿದ, ರಸ್ ರೈಲಿಯವರ ಹೆಸರೂ ಸೇರಿರುವ ಜೋಡಣೆಯನ್ನು ನಾನು ಬಳಸುತ್ತೇನೆ: ಗಡಿಯಲ್ಲಿ ಎರಡೂ 6 ಡೆಸಿಬಲ್ ಇಳಿದು, ಕೂಡಿದಾಗ ಸಮವಾಗುತ್ತವೆ. ಎರಡನೆಯ ದರ್ಜೆಯಲ್ಲಿ ಇದು ಕೂಡಬೇಕಾದರೆ ಟ್ವೀಟರಿನ ಪ್ಲಸ್ ಮೈನಸ್ ತಂತಿಯನ್ನು ಅದಲುಬದಲು ಮಾಡಲೇಬೇಕು. ನಾಲ್ಕನೆಯ ದರ್ಜೆ ಇನ್ನೂ ಚೊಕ್ಕ, ಆದರೆ ಬಿಡಿಭಾಗ ಇಮ್ಮಡಿ, ತಪ್ಪಿಗೆ ಅವಕಾಶವೂ ಇಮ್ಮಡಿ. ಮೊದಲ ಜೊತೆಗೆ ಎರಡನೆಯ ದರ್ಜೆಯೇ ಸರಿ ಎಂಬುದು ನನ್ನ ದೃಢ ಅಭಿಪ್ರಾಯ.

8 ಓಮ್‌ಗೆ, 2,500 ಹರ್ಟ್ಸ್‌ಗೆ ಲೆಕ್ಕ ಹಾಕಿದರೆ ಎರಡನೆಯ ದರ್ಜೆಗೆ ಕೆಪಾಸಿಟರ್ 4 ಮೈಕ್ರೊಫ್ಯಾರಡ್, ಕಾಯಿಲ್ ಸುಮಾರು 1 ಮಿಲಿಹೆನ್ರಿ ಬರುತ್ತದೆ. ಮೊದಲ ದರ್ಜೆಗೆ 8 ಮೈಕ್ರೊಫ್ಯಾರಡ್, ಅರ್ಧ ಮಿಲಿಹೆನ್ರಿ. ನಾನು 2,500 ಆರಿಸಿದ್ದರ ಇನ್ನೊಂದು ಕಾರಣ ಈ 4 ಎಂಬ ಅಂಕಿ. ಯಾವುದೇ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಸೀಲಿಂಗ್ ಫ್ಯಾನಿನ 4 ಎಂಎಫ್‌ಡಿ (ಅಂದರೆ ಮೈಕ್ರೊಫ್ಯಾರಡ್) ಕಂಡೆನ್ಸರ್ ಕೇಳಿದರೆ ಕೊಡುತ್ತಾರೆ. ಒಳಗಿರುವುದು ಲೋಹಲೇಪಿತ ಪಾಲಿಪ್ರೊಪಿಲೀನ್, ಅಂದರೆ ಸ್ಪೀಕರಿಗೆಂದು ದುಬಾರಿ ಬೆಲೆಗೆ ಮಾರುವ ಫಿಲ್ಮ್ ಕೆಪಾಸಿಟರಿನದೇ ಜಾತಿ. 440 ವೋಲ್ಟ್ ಎಸಿಗೆ ಮಾಡಿದ್ದು. ಸ್ಪೀಕರ್ ಕೇಳುವುದು ಅದರ ಒಂದು ಸಣ್ಣ ಪಾಲು. ಗಾತ್ರ ದೊಡ್ಡದು ಎಂಬುದೊಂದೇ ತೊಡಕು. ಹಳೆಯ ಫ್ಯಾನಿನಿಂದ ಬಿಚ್ಚಿದ್ದನ್ನು ಮಾತ್ರ ಬಳಸಬೇಡಿ. ಫ್ಯಾನ್ ನಿಧಾನವಾಗುವುದೇ ಕಂಡೆನ್ಸರಿನ ಬಲ ಕುಗ್ಗಿದಾಗ. ಹೊಸದನ್ನೂ ಮಲ್ಟಿಮೀಟರಿನಲ್ಲಿ ಅಳೆದು, ಎಡಕ್ಕೂ ಬಲಕ್ಕೂ ಹೊಂದುವ ಜೋಡಿ ಮಾಡಿಕೊಳ್ಳಿ. ನಾಲ್ಕು ಸಾಕಾಗುವಲ್ಲಿ ಆರು ತಂದರೆ ಜೋಡಿ ಸುಲಭವಾಗಿ ಸಿಗುತ್ತದೆ.

ಇದರ ಎದುರು ಆಯ್ಕೆ ನಾನ್‌ಪೋಲಾರ್ ಎಲೆಕ್ಟ್ರೊಲಿಟಿಕ್. ಸಣ್ಣದು, ಅಗ್ಗ, ಆದರೆ ಬರೆದ ಅಂಕಿಗಿಂತ ಶೇಕಡಾ 10ರಿಂದ 20ರಷ್ಟು ಆಚೀಚೆ ಇರಬಹುದು, ವರ್ಷ ಕಳೆದಂತೆ ಒಣಗುತ್ತದೆ. ವೂಫರಿನ ಬದಿಯಲ್ಲಿ ಹೆಚ್ಚು ಮೈಕ್ರೊಫ್ಯಾರಡ್ ಬೇಕಾದಾಗ ಒಪ್ಪಬಹುದು, ಟ್ವೀಟರಿನ ದಾರಿಯಲ್ಲಿ ಬೇಡ. ಪಂಪ್‌ಸೆಟ್ಟಿನ ಕಂಡೆನ್ಸರಿನಲ್ಲಿ ರನ್ನಿಂಗ್, ಸ್ಟಾರ್ಟಿಂಗ್ ಎಂದು ಎರಡು ಬಗೆಯಿದೆ. ರನ್ನಿಂಗ್ ಆದೀತು, ಸ್ಟಾರ್ಟಿಂಗ್ ಎಂಬುದು ಎಲೆಕ್ಟ್ರೊಲಿಟಿಕ್, ಅದನ್ನು ಮುಟ್ಟಬೇಡಿ.

ಕಾಯಿಲಿನಲ್ಲಿ ಗಾಳಿಯ ನಡುವಿನದು, ಕಬ್ಬಿಣದ ತಿರುಳಿನದು ಎಂದು ಎರಡು ದಾರಿ. ಕಬ್ಬಿಣದ್ದಕ್ಕೆ ತಂತಿ ಕಡಿಮೆ ಸಾಕು, ರೋಧವೂ ಕಡಿಮೆ. ಆದರೆ ಜೋರಾಗಿ ಹಾಡಿಸಿದಾಗ ತಿರುಳು ಕಾಂತದಿಂದ ತುಂಬಿಹೋಗಿ ಕಾಯಿಲಿನ ಮಿಲಿಹೆನ್ರಿ ಅಂಕಿ ಕುಸಿಯುತ್ತದೆ, ದನಿ ಒಡೆಯುತ್ತದೆ. 1 ಮಿಲಿಹೆನ್ರಿಯಷ್ಟಕ್ಕೆ ಗಾಳಿಯ ನಡುವಿನದೇ ಮೇಲು. ಅದನ್ನು ಕೊಳ್ಳುವ ಅಗತ್ಯವೂ ಇಲ್ಲ. ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ 18 ಗೇಜಿನ ಎನಾಮಲ್ ತಾಮ್ರದ ತಂತಿಯನ್ನು ತೂಕಕ್ಕೆ ಕೊಡುತ್ತಾರೆ. ಒಂದು ಇಂಚು ವ್ಯಾಸದ ಮರದ ಗುಬುಟು, ಅದರ ಎರಡು ಬದಿಗೆ ಒಂದಿಂಚು ಅಂತರದಲ್ಲಿ ಪ್ಲೈ ಬಿಲ್ಲೆ, ಅದರ ಮೇಲೆ ಒತ್ತೊತ್ತಾಗಿ ಸುಮಾರು 200 ಸುತ್ತು. ಒಂದು ಕಾಯಿಲಿಗೆ 25 ಮೀಟರ್ ತಂತಿ, ಸುಮಾರು 260 ಗ್ರಾಂ. ಒಂದು ಜೊತೆಗೆ ನಾಲ್ಕು ಕಾಯಿಲ್ ಎಂದರೆ ಒಂದು ಕಿಲೋ ಚಿಲ್ಲರೆ. ರೋಧ 0.37 ಓಮ್‌ನಷ್ಟು ಬರುತ್ತದೆ, ಒಳ್ಳೆಯ ಅಂಕಿ. ತೆಳು ತಂತಿ ಬಳಸಿ ಹಣ ಉಳಿಸಲು ಹೋದರೆ ರೋಧ ಏರಿ ವೂಫರಿನ ಹಿಡಿತ ಸಡಿಲವಾಗುತ್ತದೆ. ಟ್ವೀಟರಿನ ಬದಿಯ ಕಾಯಿಲಿಗೆ ಮಾತ್ರ 20 ಗೇಜ್ ನಡೆದೀತು. ನನಗೆ ಪರಿಚಯದ ವೈಂಡಿಂಗ್ ಅಂಗಡಿಯವರು ಸುತ್ತು ಎಣಿಸುವ ತಮ್ಮ ಕೈಯಂತ್ರವನ್ನೇ ಒಂದು ಮಧ್ಯಾಹ್ನ ಬಿಟ್ಟುಕೊಟ್ಟಿದ್ದರು. ಸುತ್ತು ಸಡಿಲವಾಗಿದ್ದರೆ ಕಾಯಿಲ್ ತಾನೇ ಗುಂಯ್ಗುಡುತ್ತದೆ ಎಂದು ಪದರಕ್ಕೊಮ್ಮೆ ವಾರ್ನಿಷ್ ಹಚ್ಚಲು ಕಲಿಸಿದವರೂ ಅವರೇ. ಹತ್ತು ಸುತ್ತು ಹೆಚ್ಚೇ ಸುತ್ತಿ, ಮಿಲಿಹೆನ್ರಿ ತೋರಿಸುವ ಎಲ್‌ಸಿಆರ್ ಮೀಟರಿನಲ್ಲಿ ಅಳೆಯುತ್ತ ಬಿಚ್ಚಿ.

ಜೋಡಿಸಲು ಪಿಸಿಬಿ (ತಾಮ್ರದ ಗೆರೆಗಳ ಸರ್ಕ್ಯೂಟ್ ಹಲಗೆ) ಬೇಕಿಲ್ಲ. ಪ್ಲೈವುಡ್ ತುಂಡಿನ ಮೇಲೆ ಪ್ಲಾಸ್ಟಿಕ್ ಟೈ ಹಾಕಿ ಬಿಗಿದು, ಕಾಲಿಗೆ ಕಾಲು ತಿರುಚಿ ಬೆಸೆದರೆ ಅದು ಪಿಸಿಬಿಗಿಂತ ಗಟ್ಟಿ. ಎರಡು ಕಾಯಿಲ್‌ಗಳನ್ನು ಒಂದಕ್ಕೊಂದು ಲಂಬವಾಗಿ, ದೂರದಲ್ಲಿ ಇಡಿ. ಹತ್ತಿರದಲ್ಲಿ ಒಂದೇ ದಿಕ್ಕಿಗೆ ಮಲಗಿಸಿದರೆ ಒಂದರ ಸ್ವರ ಇನ್ನೊಂದಕ್ಕೆ ಸೋರುತ್ತದೆ. ಕಾಯಿಲಿನ ನಡುವೆ ಕಬ್ಬಿಣದ ಬೋಲ್ಟ್ ತೂರಿಸಬೇಡಿ, ಅಳತೆಯೇ ಬದಲಾಗುತ್ತದೆ.

ಸೂತ್ರ ಕೊಟ್ಟ ಅಂಕಿ ಆರಂಭ ಮಾತ್ರ. 8 ಓಮ್ ಎಂದು ಬರೆದ ವೂಫರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ, ಮೇಲೆ ಹೋದಂತೆ ಅದರ ಪ್ರತಿರೋಧ ಏರುತ್ತದೆ. ವೂಫರಿಗೆ ಅಡ್ಡಲಾಗಿ (ಅದರ ಪ್ಲಸ್ ಮೈನಸ್ ತುದಿಗಳ ನಡುವೆ) ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸಾಲಾಗಿ ಹಾಕಿ ಇದನ್ನು ಹದಕ್ಕೆ ತರಬಹುದು. ವೂಫರಿನ ಒಳಗಿನ ಸುರುಳಿಯ ರೋಧ 6 ಓಮ್, ಇಂಡಕ್ಟನ್ಸ್ ಅರ್ಧ ಮಿಲಿಹೆನ್ರಿ ಇದ್ದರೆ 7.5 ಓಮ್, 9 ಮೈಕ್ರೊಫ್ಯಾರಡ್ ಹತ್ತಿರ ಬರುತ್ತದೆ. ಟ್ವೀಟರ್ ಚುಚ್ಚುತ್ತಿದ್ದರೆ ಎರಡು 10 ವ್ಯಾಟ್ ಸಿಮೆಂಟ್ ರೆಸಿಸ್ಟರ್ ಸಾಕು: ಸಾಲಿನಲ್ಲಿ 2.2 ಓಮ್, ಟ್ವೀಟರಿಗೆ ಅಡ್ಡಲಾಗಿ 20ರ ಸುಮಾರಿನದು. ಸುಮಾರು 3 ಡೆಸಿಬಲ್ ಇಳಿಯುತ್ತದೆ. ಇನ್ನು ಮುಂಭಾಗದ ಅಗಲ 23-24 ಸೆಂಟಿಮೀಟರ್ ಇರುವ ಪೆಟ್ಟಿಗೆಯಲ್ಲಿ ಸುಮಾರು 490 ಹರ್ಟ್ಸ್‌ನ ಆಸುಪಾಸಿನಿಂದ ಕೆಳಗೆ ಸದ್ದು ಹಿಂದಕ್ಕೂ ಸುತ್ತಿಕೊಂಡು ಹೋಗಿ ದನಿ ತೆಳುವಾಗುತ್ತದೆ. ಕೋಣೆಯ ನಡುವೆ ಇಡುವವರು ವೂಫರಿನ ಕಾಯಿಲನ್ನು ಒಂದೂವರೆ ಮಿಲಿಹೆನ್ರಿಗೆ ಏರಿಸಿ ನೋಡಬೇಕು. ಗೋಡೆಗೆ ಒತ್ತಿ ಇಡುವವರಿಗೆ, ನಮ್ಮ ಕಡೆ ಹೆಚ್ಚಿನವರು ಹಾಗೆಯೇ ಇಡುವುದು, ಇದರ ಅಗತ್ಯ ಕಡಿಮೆ.

ಹಾಗಾಗಿ ಕ್ರಾಸ್‌ಓವರನ್ನು ಕನಿಷ್ಠ ಒಂದು ತಿಂಗಳು ಪೆಟ್ಟಿಗೆಯ ಹೊರಗೇ ಇಡಿ. ಸದ್ದನ್ನು ಅಳೆಯುವ ಆರ್‌ಇಡಬ್ಲ್ಯು ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅಳತೆಯ ಮೈಕ್ ಇದ್ದರೆ ರೇಖೆ ಎಲ್ಲಿ ಕುಸಿದಿದೆ ಎಂದು ಕಣ್ಣಾರೆ ಕಾಣುತ್ತದೆ. ಟ್ವೀಟರಿನ ತಂತಿಯನ್ನು ನೇರ ಕೊಟ್ಟು 2,500 ಹರ್ಟ್ಸ್ ಸ್ವರ ನುಡಿಸಿ. ಜೋಡಣೆ ಸರಿಯಿದ್ದರೆ ಅಲ್ಲಿ ಆಳವಾದ ಕುಳಿ ಬೀಳುತ್ತದೆ, ತಂತಿ ಅದಲುಬದಲು ಮಾಡಿದರೆ ಕುಳಿ ತುಂಬಿಕೊಳ್ಳುತ್ತದೆ. ಆಮೇಲೆ ಹಾಸನ ಆಕಾಶವಾಣಿಯ ವಾರ್ತೆ ಹಚ್ಚಿ ಕೇಳಿ. ಮನುಷ್ಯರ ಮಾತು ನಮಗೆ ಹುಟ್ಟಿನಿಂದ ಪರಿಚಿತವಾದ್ದರಿಂದ ಅದರಲ್ಲಿ ಮೂಗು ಕಟ್ಟಿದಂತಾದರೂ, 'ಸ'ಕಾರ ಸೀಟಿ ಹೊಡೆದರೂ ಕಿವಿ ತಕ್ಷಣ ಹಿಡಿಯುತ್ತದೆ. ನನ್ನ ಮೂರನೆಯ ಜೊತೆಯ ಟ್ವೀಟರ್ ರೆಸಿಸ್ಟರನ್ನು ಐದು ಸಲ ಬದಲಿಸಿದ್ದೇನೆ, ಪ್ರತಿ ಸಲವೂ ಮಾತು ಕೇಳಿಯೇ.

ಎರಡು ಆಂಪ್ಲಿಫೈಯರ್, ಸ್ವರಗಳನ್ನು ಲೆಕ್ಕದಿಂದಲೇ ಹಂಚುವ ಒಂದು ಡಿಎಸ್‌ಪಿ ಬೋರ್ಡ್ ಹಾಕಿದರೆ ಇದಾವುದೂ ಬೇಡ ಎನ್ನುವವರಿದ್ದಾರೆ. ನಿಜ, ತಿದ್ದುವುದು ಬೆರಳ ತುದಿಯಲ್ಲಿ ಆಗುತ್ತದೆ. ಆದರೆ ಗುಡುಗು, ಸಿಡಿಲು, ವೋಲ್ಟೇಜ್ ಏರಿಳಿತದ ನಮ್ಮೂರಿನಲ್ಲಿ ಹಾಳಾಗುವ ಸರ್ಕ್ಯೂಟುಗಳ ಸಂಖ್ಯೆ ಹೆಚ್ಚಿದಷ್ಟೂ ದುರಸ್ತಿ ಹೆಚ್ಚು. ತಾಮ್ರದ ಕಾಯಿಲಿಗೆ ಆ ಭಯವಿಲ್ಲ.

ಮೇಲ್ಮೈ

ಲ್ಯಾಮಿನೇಟ್, ಬಣ್ಣ, ವೆನೀರ್ ಮೇಲೆ ಪಾಲಿಷ್. ಲ್ಯಾಮಿನೇಟ್ ನೀರಿಗೆ ಜಗ್ಗದು, ಯಾವ ತಿಂಗಳಲ್ಲಾದರೂ ಅಂಟಿಸಬಹುದು. ಮೂಲೆಗಳು ಮಾತ್ರ ಚೆನ್ನಾಗಿ ಕೂರುವುದಿಲ್ಲ. ಬಣ್ಣ ಎಂಡಿಎಫ್‌ಗೆ, ಎಚ್‌ಡಿಎಚ್‌ಎಂಆರ್‌ಗೆ ಸರಿ. ಪ್ಲೈಗೆ ತೇಗದ ವೆನೀರ್ ಹಚ್ಚಿ ಪಾಲಿಷ್ ಮಾಡುವುದು ನನಗೆ ಇಷ್ಟ, ಆದರೆ ಅದಕ್ಕೆ ಕಾಲ ಕೂಡಿಬರಬೇಕು. ಅರಗಿನ ಫ್ರೆಂಚ್ ಪಾಲಿಷ್, ಲ್ಯಾಕರ್ ಎರಡೂ ತೇವದ ಹವೆಯಲ್ಲಿ ಬಿಳಿ ಮಂಜು ಕಟ್ಟಿಕೊಳ್ಳುತ್ತವೆ. ಎರಡು ಭಾಗ ಬೆರೆಸುವ ಪಿಯು (ಪಾಲಿಯುರೆಥೇನ್) ಪಾಲಿಷ್ ತೇವ ಸೇರಿದರೆ ಗುಳ್ಳೆ ಏಳುತ್ತದೆ. ಕಣದಲ್ಲಿ ಕಾಫಿ ಒಣಗುವ ದಿನಗಳೇ ಪಾಲಿಷಿಗೂ ತಕ್ಕವು: ಡಿಸೆಂಬರ್‌ನಿಂದ, ಹೂಮಳೆ ಬೀಳುವ ಮುಂಚಿನವರೆಗೆ. ಬೆಳಗಿನ ಇಬ್ಬನಿ ಆರಿದ ಮೇಲೆ ಹಚ್ಚಿ, ಸಂಜೆ ನಾಲ್ಕಕ್ಕೆ ನಿಲ್ಲಿಸಿ. ಮಳೆಗಾಲದಲ್ಲಿಯೇ ಮುಗಿಸಬೇಕಾದವರಿಗೆ ಬೇಯಿಸಿದ ಅಗಸೆ ಎಣ್ಣೆ ಉಳಿದ ದಾರಿ. ತೆಳುವಾಗಿ ಸವರಿ, ಒರೆಸಿ, ದಿನಗಟ್ಟಲೆ ಕಾಯಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅದು ತಾನೇ ಕಾದು ಬೆಂಕಿ ಹಿಡಿಯಬಲ್ಲದು. ನೀರಲ್ಲಿ ಅದ್ದಿ, ಹೊರಗೆ ಹರಡಿ ಒಣಗಿಸಿ.

ಯಾವುದನ್ನೇ ಆರಿಸಿದರೂ ಪೆಟ್ಟಿಗೆಯ ಒಳಮೈಗೂ ಒಂದು ಕೈ ಸೀಲರ್ ಹಚ್ಚಿ. ಹೊರಗೆ ಮಾತ್ರ ಮುಚ್ಚಿದ ಹಲಗೆ ಒಳಗಿನಿಂದ ತೇವ ಹೀರಿ ಬಾಗುತ್ತದೆ. ಪಾಲಿಷ್ ಪೂರ್ತಿ ಒಣಗಲು ಎರಡು ವಾರ ಬಿಟ್ಟು, ಆಮೇಲೆ ವೂಫರಿನ ಅಂಚಿನ ಕೆಳಗೆ ಫೋಮ್ ಟೇಪ್ ಹಾಕಿ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇನ್ನೊಂದು ಅಂಗೈಯನ್ನು ಕೋನಿನ ಮೇಲೆ ಅಡ್ಡ ಹಿಡಿದಿರಿ, ಏಕೆಂದರೆ ಹಿಂದಿನ ಅಯಸ್ಕಾಂತ ಸ್ಕ್ರೂಡ್ರೈವರನ್ನು ಸೆಳೆಯುತ್ತದೆ.